ಬಾಡದ ಹೂವಿನ ಗುಚ್ಛ: ಮನೆಯಲ್ಲೇ ಕಟ್ಟೋಣ ಬನ್ನಿ

ಮದುವೆ ಮನೆಯಲ್ಲಿ ಎಲ್ಲವೂ ಸಾಂಗವಾಗಿ ನಡೆದು, ಒಂದು ಸಣ್ಣ ವಿಷಯಕ್ಕೆ ಎಲ್ಲರ ಮುಖ ಸಪ್ಪಗಾಗುವುದುಂಟು. ನಮ್ಮ ಮನೆಯಲ್ಲಿ ಹಾಗಾದದ್ದು ಹೂವಿನಿಂದ. 2014ರ ಮೇ ತಿಂಗಳಲ್ಲಿ ನಮ್ಮ ದೊಡ್ಡ ಮಗಳ ಮದುವೆ ತಿಪಟೂರಿನಲ್ಲಿ ನಡೆಯಿತು. ಆರತಕ್ಷತೆಗೆ ಮದುಮಗಳ ಕೈಯಲ್ಲಿ ಹಿಡಿಯಲು ಒಂದು ಹೂಗುಚ್ಛ, ಈಗಿನವರ ಮಾತಿನಲ್ಲಿ ಬೊಕೆ, ಬೇಕೆಂದು ಅವಳ ಆಸೆ. ನಮ್ಮವರು ಬೆಂಗಳೂರಿಗೇ ಹೇಳಿ ತರಿಸಿದರು. ಬೆಳಿಗ್ಗೆ ಕಟ್ಟಿದ ಗುಲಾಬಿ, ಬಿಸಿಲಿನಲ್ಲಿ ಮೂರು ಗಂಟೆಗೂ ಮೇಲೆ ಬಸ್ಸಿನಲ್ಲಿ ಕುಳಿತು ಬಂದು, ಸಂಜೆ ದೀಪದ ಕೆಳಗೆ ನಿಲ್ಲುವ ಹೊತ್ತಿಗೆ ತಲೆ ತಗ್ಗಿಸಿತ್ತು. ಛಾಯಾಚಿತ್ರದವರು "ಸ್ವಲ್ಪ ಮೇಲೆ ಹಿಡೀರಿ, ಸ್ವಲ್ಪ ಮೇಲೆ" ಎಂದು ಹೇಳುತ್ತಲೇ ಇದ್ದರು. ಮೇಲೆ ಹಿಡಿದರೆ ಬಾಡಿದ ಹೂವು ನೆಟ್ಟಗಾಗುತ್ತದೆಯೇ? ಮಾರನೆಯ ದಿನ ಅದು ಛತ್ರದ ಕಸದ ತೊಟ್ಟಿಯಲ್ಲಿತ್ತು. ಕೊಟ್ಟ ದುಡ್ಡು ನೆನೆದು ನನಗೆ ಹೊಟ್ಟೆ ಉರಿಯಿತು.

ಅಂಗಡಿಯವರದು ತಪ್ಪೆಂದು ನಾನು ಹೇಳಲಾರೆ. ನಮ್ಮಂಥ ಸಣ್ಣ ಊರಿನಲ್ಲಿ, ಬೇಸಿಗೆಯ ಮದುವೆಯಲ್ಲಿ, ದೂರದಿಂದ ಬರುವ ಹೂವಿನ ಪಾಡೇ ಅಷ್ಟು. ಆದ್ದರಿಂದ ನಾಲ್ಕು ವರ್ಷದ ನಂತರ, 2018ರಲ್ಲಿ, ಚಿಕ್ಕ ಮಗಳ ಮದುವೆ ಗೊತ್ತಾದಾಗ ಬಟ್ಟೆಯ ಹೂವಿನಲ್ಲಿ ಮನೆಯಲ್ಲೇ ಒಂದು ಗುಚ್ಛ ಕಟ್ಟುವುದೆಂದು ತೀರ್ಮಾನವಾಯಿತು. ಅದನ್ನು ಕಟ್ಟಿದ ಬಗೆಯನ್ನು ನಿಮಗೂ ಹೇಳಬೇಕೆಂದೇ ಈ ಲೇಖನ. ಹುಡುಗಿಯ ನಾಮಕರಣಕ್ಕೋ, ಶಾಲೆಯ ಸಮಾರಂಭಕ್ಕೋ, ಹಾಲಿನ ಮೂಲೆಯ ಹೂದಾನಿಗೋ, ಯಾವುದಕ್ಕಾದರೂ ಇದೇ ಕ್ರಮ ಸಾಕು.

ಕೃತಕ ಹೂವು ಹೊಸದೇನಲ್ಲ

"ಅಯ್ಯೋ, ಪ್ಲಾಸ್ಟಿಕ್ ಹೂವೇ?" ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೊಂದು ಮಾತು. ಮದುವೆಯಲ್ಲಿ ಹಣೆಗೆ ಕಟ್ಟುವ ಬಾಸಿಂಗವನ್ನು ನೆನೆಸಿಕೊಳ್ಳಿ. ಅದರ ಬಿಳಿಯ ಹೂವು, ಮೊಗ್ಗು ಎಲ್ಲವೂ ಬೆಂಡಿನದು. ಜೌಗು ನೆಲದಲ್ಲಿ ಬೆಳೆಯುವ ಗಿಡದ ಹಗುರವಾದ ತಿರುಳನ್ನು ತೆಳ್ಳಗೆ ಸೀಳಿ, ಸುತ್ತಿ, ಹೂವಾಗಿಸುತ್ತಾರೆ. ಸಾಗರ, ಸೊರಬದ ಕಡೆಯ ಗುಡಿಗಾರರು ಗಂಧದ ಕೆತ್ತನೆಯಷ್ಟೇ ಈ ಬೆಂಡಿನ ಕೆಲಸಕ್ಕೂ ಹೆಸರಾದವರು. ಹಾವೇರಿಯ ಏಲಕ್ಕಿ ಹಾರ, ಗಂಧದ ಚಕ್ಕೆಯ ಹಾರ, ಇವೂ ಬಾಡದ ಹೂವಿನ ಬಳಗವೇ. ಗಣ್ಯರ ಕೊರಳಿಗೆ ಬಿದ್ದಾಗ ಅವನ್ನು ಯಾರೂ ನಕಲಿ ಎನ್ನುವುದಿಲ್ಲ.

ಹಾಗೆಂದು ನಿಜವಾದ ಹೂವಿನ ಜಾಗಕ್ಕೆ ಇದನ್ನು ತಂದು ಕೂಡಿಸಬೇಕಾಗಿಲ್ಲ. ದೇವರ ತಲೆಯ ಮೇಲೆ, ಹೊಸಿಲಿನ ಮೇಲೆ, ಹೆಣ್ಣುಮಕ್ಕಳ ಮುಡಿಯಲ್ಲಿ ಘಮಘಮಿಸುವ ಮಲ್ಲಿಗೆಯೇ ಇರಲಿ. ಮೈಸೂರು, ಉಡುಪಿ, ಹಡಗಲಿ ಎಂದು ಮೂರು ಊರಿನ ಮಲ್ಲಿಗೆಗೆ ಹೆಸರಿರುವ ನಾಡು ನಮ್ಮದು. ಮೂರು ಗಂಟೆ ವೇದಿಕೆಯ ಮೇಲೆ ಹಿಡಿದು ನಿಂತು ಆಮೇಲೆ ಎಸೆಯುವ ಬೊಕೆಯ ಮಾತು ಬೇರೆ. ಈ ದುಂದು ಸರ್ಕಾರದ ಕಣ್ಣಿಗೂ ಬಿದ್ದಿತ್ತು. ಸರ್ಕಾರಿ ಸಭೆ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಕೊಡಬಾರದು, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ಸೂಚಿಸಿತು.

ನಮ್ಮ ಮನೆಯ ಬೆರಳುಗಳು

ಗುಚ್ಛ ಕಟ್ಟುವವರು ಯಾರು ಎಂಬುದಕ್ಕೆ ಮಗಳು ಹೆಚ್ಚು ಯೋಚಿಸಲಿಲ್ಲ. "ಅತ್ತೆ ಇದ್ದಾರಲ್ಲಮ್ಮ" ಎಂದಳು.

ಅವಳ ಸೋದರತ್ತೆ ಎಂದರೆ ನಮ್ಮ ಯಜಮಾನರ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. 1979ರಲ್ಲಿ, ಇಪ್ಪತ್ತಾರನೆಯ ವಯಸ್ಸಿಗೇ ಅವರ ಯಜಮಾನರು ತೀರಿಕೊಂಡರು. ಅಂದಿನಿಂದ ತವರಿನಲ್ಲೇ ಇದ್ದಾರೆ. ನಾನು 1986ರಲ್ಲಿ ಸೊಸೆಯಾಗಿ ಬಂದಾಗ ಮೊದಲು ಕಂಡದ್ದೇ ಅವರ ಕೈ. ಸಂಜೆ ನಡುಮನೆಯಲ್ಲಿ ಕುಳಿತು ಮೊಗ್ಗು ಕಟ್ಟುತ್ತಿದ್ದರು. ಬೆರಳು ಕಣ್ಣಿಗೆ ಕಾಣದಷ್ಟು ಚುರುಕು. ಮಾರು ಹೂ ಕಟ್ಟಿ, ನನಗಿಷ್ಟು, ಅತ್ತೆಯವರಿಗಿಷ್ಟು, ಪಕ್ಕದ ಮನೆಯ ಹುಡುಗಿಗಿಷ್ಟು ಎಂದು ಕತ್ತರಿಸಿ ಹಂಚಿ, ಬಾಳೆನಾರು ಗುಡಿಸಿ ಎದ್ದು ಹೋಗುತ್ತಿದ್ದರು. ತಮಗೆಂದು ಒಂದು ಮೊಳ ಇಟ್ಟುಕೊಂಡದ್ದಿಲ್ಲ. ಇಟ್ಟುಕೊಳ್ಳಿ ಎಂದು ಯಾರೂ ಹೇಳಿದ್ದೂ ಇಲ್ಲ. ನಾನೂ ಹೇಳಲಿಲ್ಲ.

ಬಟ್ಟೆಯ ಹೂವಿನ ಕೆಲಸವನ್ನು ಅವರು 1983ರಲ್ಲಿ ಊರಿನ ಮಹಿಳಾ ಸಮಾಜದ ಹೊಲಿಗೆ ತರಗತಿಯಲ್ಲಿ ಕಲಿತಿದ್ದರು. ಕ್ರೇಪ್ ಕಾಗದದ ಗುಲಾಬಿ, ತಂತಿಗೆ ನೈಲಾನ್ ಬಟ್ಟೆ ಎಳೆದು ಕಟ್ಟಿದ ದಾಸವಾಳ, ಇವು ಆಗ ಪ್ರತಿ ಮನೆಯ ಷೋಕೇಸಿನಲ್ಲೂ ಇರುತ್ತಿದ್ದವು. ಮಗಳು ಕೇಳಿದಾಗ ಅಕ್ಕ ಮೊದಲು ಒಪ್ಪಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು, "ಮದುಮಗಳ ಕೈಲಿ ಹಿಡಿಯೋದು ಕಣೇ. ಶುಭಕಾರ್ಯ. ನಾನು ಕಟ್ಟಬಹುದೇನೇ?" ಎಂದರು. "ಏನಾಗುತ್ತಕ್ಕ, ನೀವು ಕಟ್ಟಿ" ಎಂದೆ. ಹೇಳುವುದು ಸುಲಭ.

ಹೂ ಆರಿಸುವಾಗ

ಗುಚ್ಛದ ಅರ್ಧ ಅಂದ ಅಂಗಡಿಯಲ್ಲೇ ತೀರ್ಮಾನವಾಗುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ 'ರೇಷ್ಮೆ ಹೂ' ಎಂದು ಮಾರುವುದು ಹೆಸರಿಗೆ ಮಾತ್ರ ರೇಷ್ಮೆ. ಹೆಚ್ಚಿನವು ಪಾಲಿಯೆಸ್ಟರ್ ಬಟ್ಟೆಯವು. ಅಡ್ಡಿಯಿಲ್ಲ, ಆದರೆ ಈ ನಾಲ್ಕು ವಿಷಯ ನೋಡಿ ಕೊಳ್ಳಿ.

ಮೊದಲನೆಯದು, ದಳದ ಅಂಚು. ನೂಲು ಬಿಟ್ಟುಕೊಂಡಿದ್ದರೆ ಬೇಡ. ಎರಡನೆಯದು, ಬಣ್ಣ. ನಿಜವಾದ ಗುಲಾಬಿ ಅಂಚಿನಿಂದ ಬುಡದವರೆಗೆ ಒಂದೇ ಬಣ್ಣ ಇರುವುದಿಲ್ಲ. ಬುಡದಲ್ಲಿ ತೆಳುವಾಗಿ, ಅಂಚಿನಲ್ಲಿ ಗಾಢವಾಗಿ ಇರುವ ಹೂವನ್ನೇ ಆರಿಸಿ. ಪೂರ್ತಿ ಒಂದೇ ಬಣ್ಣ ಬಳಿದಂತಿದ್ದರೆ ದೂರದಿಂದಲೇ ನಕಲಿ ಎಂದು ಗೊತ್ತಾಗುತ್ತೆ. ಮೂರನೆಯದು, ಕಡ್ಡಿ. ಒಳಗೆ ತಂತಿ ಇರುವುದನ್ನು ಕೊಳ್ಳಿ, ಬೇಕಾದ ಹಾಗೆ ಬಗ್ಗುತ್ತೆ. ಬರೀ ಪ್ಲಾಸ್ಟಿಕ್ ಕಡ್ಡಿ ಬಗ್ಗದು, ಬಗ್ಗಿಸಿದರೆ ಮುರಿದೀತು. ನಾಲ್ಕನೆಯದು, ನೀರಿನ ಹನಿಯಂತೆ ಅಂಟಿನ ಹನಿ, ಮಿನುಗುವ ಪುಡಿ ಹಾಕಿದ ಹೂವು. ಅಂಗಡಿಯ ದೀಪದಲ್ಲಿ ಚೆಂದ, ಮನೆಯಲ್ಲಿ ಅಲ್ಲ.

ಎಲ್ಲ ಹೂವೂ ಪೂರ್ತಿ ಅರಳಿರಬಾರದು. ಗಿಡದಲ್ಲಿ ಹಾಗೆ ಎಲ್ಲಾದರೂ ಇರುತ್ತದೆಯೇ? ಅರಳಿದ್ದು, ಅರೆಬಿರಿದದ್ದು, ಮೊಗ್ಗು ಮೂರೂ ಬೇಕು. ಬಣ್ಣ ಎರಡು, ಹೆಚ್ಚೆಂದರೆ ಮೂರು. ಮದುಮಗಳ ಸೀರೆ ಕಡುಗೆಂಪಾದರೆ ಗುಚ್ಛ ಕೆನೆಬಣ್ಣ, ತಿಳಿಗುಲಾಬಿಯಲ್ಲಿರಲಿ. ಸೀರೆಯದೇ ಬಣ್ಣದ ಹೂ ಹಿಡಿದರೆ ಫೋಟೋದಲ್ಲಿ ಸೀರೆಯ ಒಳಗೇ ಕರಗಿಹೋಗುತ್ತೆ.

ಬೇಕಾಗುವ ಸಾಮಾನುಗಳು

ಒಂದು ಗೇಣಗಲದ ಕೈಗುಚ್ಛಕ್ಕೆ:

ದೊಡ್ಡ ಹೂ (ಗುಲಾಬಿ ಅಥವಾ ಕಾರ್ನೇಶನ್) 7
ಅರೆಬಿರಿದ ಹೂ ಮತ್ತು ಮೊಗ್ಗು 9
ಸಣ್ಣ ಬಿಳಿಯ ತುಂಬುಹೂ (ಜಿಪ್ಸಿ) 5 ಕಡ್ಡಿ
ಎಲೆಯ ಕಡ್ಡಿ 8
ಒಣಗಿದ ರಾಗಿ ತೆನೆ ಅಥವಾ ಭತ್ತದ ತೆನೆ 5
ಹೂ ಕಟ್ಟುವ ಹಸಿರು ಟೇಪು 1 ಸುರುಳಿ
ತೆಳು ಕಟ್ಟುತಂತಿ 2 ಮೊಳ
ತೆಂಗಿನ ಗರಿಯ ಕಡ್ಡಿ 10
ಒಂದೂವರೆ ಅಂಗುಲ ಅಗಲದ ಸ್ಯಾಟಿನ್ ರಿಬ್ಬನ್ ಅಥವಾ ಹಳೆ ಸೀರೆಯ ಅಂಚು 2 ಮೀಟರು
ಕಟಿಂಗ್ ಪ್ಲೇಯರ್, ಸೂಜಿ ದಾರ, ಗುಂಡುಪಿನ್ನು

ದೊಡ್ಡ ಹೂವಿನ ಸಂಖ್ಯೆ ಬೆಸವೇ ಇರಲಿ: 5, 7, 9. ಸಮಸಂಖ್ಯೆಯಾದರೆ ಕಣ್ಣು ತಾನಾಗಿಯೇ ಜೊತೆ ಹುಡುಕುತ್ತೆ, ಗುಚ್ಛ ಎರಡು ಭಾಗವಾದಂತೆ ಕಾಣುತ್ತೆ. ಇನ್ನೊಂದು ಎಚ್ಚರಿಕೆ: ತಂತಿಯ ಕಡ್ಡಿಯನ್ನು ಬಟ್ಟೆ ಕತ್ತರಿಸುವ ಕತ್ತರಿಯಿಂದ ತುಂಡರಿಸಬೇಡಿ. ಒಂದೇ ದಿನಕ್ಕೆ ಕತ್ತರಿ ಮೊಂಡಾಗುತ್ತೆ. ಯಜಮಾನರ ಸಾಮಾನಿನ ಡಬ್ಬಿಯಲ್ಲಿರುವ ಕಟಿಂಗ್ ಪ್ಲೇಯರೇ ಇದಕ್ಕೆ ಸರಿ.

ಕಟ್ಟುವ ಮುಂಚೆ

ಅಂಗಡಿಯ ಹೂವು ಪೆಟ್ಟಿಗೆಯಲ್ಲಿ ಅಮುಕಿಕೊಂಡು ಬಂದಿರುತ್ತೆ. ದಳ ಸುಕ್ಕಾಗಿರುತ್ತೆ. ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ, ಆವಿ ಬರುವಾಗ ಒಂದಡಿ ಮೇಲೆ ಹೂವನ್ನು ತಲೆಕೆಳಗಾಗಿ ಹಿಡಿದು ಹತ್ತೆಣಿಸಿ. ಬಟ್ಟೆ ಮೆತ್ತಗಾದ ಕೂಡಲೇ ಆವಿಯಿಂದ ಈಚೆಗೆ ತಂದು, ಬೆರಳಿನಿಂದ ದಳಗಳನ್ನು ಹೊರಕ್ಕೆ ಸವರಿ ಬಿಡಿಸಿ. ಹೆಚ್ಚು ಹೊತ್ತು ಹಿಡಿದರೆ ಅಂಟು ಬಿಡುತ್ತೆ, ಕೈಯೂ ಸುಡುತ್ತೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಗೊಂಚಲಾಗಿ ಬರುವ ಹೂವನ್ನು ಬುಡದಲ್ಲಿ ಕತ್ತರಿಸಿ ಒಂದೊಂದಾಗಿ ಬಿಡಿಸಿಕೊಳ್ಳಿ. ಆಗ ಕಡ್ಡಿ ಗಿಡ್ಡವಾಗುತ್ತದಲ್ಲ, ಅದಕ್ಕೆ ಅಕ್ಕನ ಉಪಾಯ ತೆಂಗಿನ ಗರಿಯ ಕಡ್ಡಿ. ಗಿಡ್ಡ ಕಡ್ಡಿಯ ಪಕ್ಕಕ್ಕೆ ಎರಡಂಗುಲ ಸೇರಿಸಿ ಗರಿಕಡ್ಡಿ ಇಟ್ಟು, ಮೇಲಿನಿಂದ ಕೆಳಕ್ಕೆ ಹಸಿರು ಟೇಪು ಸುತ್ತಿ. ಈ ಟೇಪು ಸಾಮಾನ್ಯ ಟೇಪಿನ ಹಾಗಲ್ಲ. ಕಾಗದಕ್ಕೆ ಮೇಣ ಹಚ್ಚಿರುತ್ತಾರೆ. ಸುಮ್ಮನೆ ಸುತ್ತಿದರೆ ಅಂಟುವುದಿಲ್ಲ, ಎಳೆದು ಸುತ್ತಿದರೆ ಮಾತ್ರ ಅಂಟುತ್ತೆ. "ಇದು ಅಂಟೋದೇ ಇಲ್ಲ" ಎಂದು ಮೊದಲ ಸಲ ನಾನು ಬಿಸಾಡಲು ಹೊರಟಿದ್ದೆ!

ರಾಗಿ ತೆನೆಯನ್ನು ಎರಡು ದಿನ ಒಳ್ಳೆಯ ಬಿಸಿಲಿಗೆ ಇಟ್ಟು ತೆಗೆಯಿರಿ, ಹುಳು ಬೀಳದು. ಬಟ್ಟೆಯ ಹೂವಿನ ನಡುವೆ ಒಂದೆರಡು ನಿಜವಾದ ಒಣ ತೆನೆ ಸೇರಿದರೆ ಇಡೀ ಗುಚ್ಛಕ್ಕೇ ಜೀವ ಬಂದ ಹಾಗಾಗುತ್ತೆ. ನಮ್ಮ ಕಡೆ ರಾಗಿ ಬಂಗಾರದಂಥ ಬೆಳೆ, ಶುಭಕ್ಕೂ ಒಪ್ಪುತ್ತೆ.

ಗುಚ್ಛ ಕಟ್ಟುವ ಕ್ರಮ

ಹೂ, ಮೊಗ್ಗು, ಎಲೆ, ತೆನೆ ನಾಲ್ಕನ್ನೂ ಬೇರೆ ಬೇರೆಯಾಗಿ ಚಾಪೆಯ ಮೇಲೆ ಸಾಲಾಗಿ ಇಟ್ಟುಕೊಳ್ಳಿ. ಕನ್ನಡಿಯ ಮುಂದೆ ನಿಂತು ಕಟ್ಟಿದರೆ ಇನ್ನೂ ಒಳ್ಳೆಯದು, ಎದುರಿನವರ ಕಣ್ಣಿಗೆ ಹೇಗೆ ಕಾಣುತ್ತದೆಂದು ತಿಳಿಯುತ್ತೆ.

ಎಲ್ಲಕ್ಕಿಂತ ಚೆಂದದ ಅರಳಿದ ಹೂವೊಂದನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನೆಟ್ಟಗೆ ಹಿಡಿಯಿರಿ. ಹೂವಿನಿಂದ ಒಂದು ಗೇಣು ಕೆಳಗೆ ನಿಮ್ಮ ಹಿಡಿತವಿರಲಿ. ಇದೇ ಕಟ್ಟುವ ಜಾಗ, ಕೊನೆಯವರೆಗೂ ಬದಲಾಗಬಾರದು. ಈಗ ಒಂದು ಎಲೆ, ಒಂದು ಮೊಗ್ಗು ತೆಗೆದುಕೊಂಡು, ತಲೆ ಎಡಕ್ಕೆ, ಕಡ್ಡಿಯ ಬುಡ ಬಲಕ್ಕೆ ಬರುವಂತೆ ಓರೆಯಾಗಿ ಸೇರಿಸಿ. ಗುಚ್ಛವನ್ನು ಕೈಯಲ್ಲೇ ಕಾಲು ಸುತ್ತು ತಿರುಗಿಸಿ. ಮತ್ತೊಂದು ಹೂವನ್ನು ಮತ್ತೆ ಅದೇ ಓರೆಯಲ್ಲಿ ಸೇರಿಸಿ. ಮತ್ತೆ ತಿರುಗಿಸಿ. ಒಂದು ಕಡ್ಡಿಯೂ ಉಲ್ಟಾ ಓರೆಯಾಗಬಾರದು, ಅಷ್ಟೇ ಗುಟ್ಟು. ಹೀಗೆ ಸೇರಿಸುತ್ತ ಹೋದರೆ ಕಡ್ಡಿಗಳೆಲ್ಲ ಒಂದೇ ಕಡೆ ಹೆಣೆದುಕೊಂಡು, ಕೆಳಗೆ ಹರಡಿ ನಿಲ್ಲುತ್ತವೆ. ಹೊಲದಲ್ಲಿ ರಾಗಿ ಸಿವುಡು ಕಟ್ಟಿದ್ದನ್ನು ನೋಡಿದ್ದೀರಲ್ಲ, ಹಾಗೆ.

ನಡುವಿನ ಹೂವಿನ ಸುತ್ತ ಮೂರು ಹೂವು ಸ್ವಲ್ಪ ತಗ್ಗಿನಲ್ಲಿ, ಅದರ ಸುತ್ತ ಉಳಿದ ಮೂರು ಇನ್ನಷ್ಟು ತಗ್ಗಿನಲ್ಲಿ ಬರಲಿ. ಆಗ ಗುಚ್ಛ ಕವುಚಿದ ಬಟ್ಟಲಿನಂತೆ ದುಂಡಗಾಗುತ್ತೆ. ಎರಡು ದೊಡ್ಡ ಹೂ ಮೈಗೆ ಮೈ ತಗುಲಿಸಿ ಇಡಬೇಡಿ. ನಡುವೆ ಒಂದು ಮೊಗ್ಗೋ ಜಿಪ್ಸಿಯೋ ಬಂದರೆ ಇಬ್ಬರಿಗೂ ಉಸಿರಾಡಲು ಜಾಗ. ತೆನೆ ಮಾತ್ರ ಹೂವಿಗಿಂತ ಎರಡಂಗುಲ ಮೇಲಕ್ಕೆ ಇಣುಕಲಿ. ಕಡೆಯಲ್ಲಿ ಸುತ್ತ ಎಲೆಯ ಸಾಲು.

ಕಟ್ಟುವ ಜಾಗಕ್ಕೆ ತಂತಿಯನ್ನು ನಾಲ್ಕು ಸುತ್ತು ಬಿಗಿದು, ತುದಿಗಳನ್ನು ಹೆಣೆದು ಒಳಕ್ಕೆ ಮಡಚಿ. ಈಗ ತೋಳು ಚಾಚಿ ಹಿಡಿದು ನೋಡಿ. ಒಂದು ಕಡೆ ಬೋಳಾಗಿ ಕಂಡರೆ ಬಿಚ್ಚಬೇಕಾಗಿಲ್ಲ, ಹೂವಿನ ಕುತ್ತಿಗೆಯ ತಂತಿಯನ್ನು ಅತ್ತ ಬಗ್ಗಿಸಿದರೆ ಸಾಕು. ನಿಜವಾದ ಹೂವಿನಲ್ಲಿ ಈ ಅನುಕೂಲವಿಲ್ಲ. ಅಕ್ಕ ಆ ರಾತ್ರಿ ಮೂರು ಸಲ ಬಿಚ್ಚಿ ಕಟ್ಟಿದರು. ನನ್ನ ಕಣ್ಣಿಗೆ ಮೊದಲನೆಯದೇ ಚೆನ್ನಾಗಿತ್ತು.

ಹಿಡಿಯ ಕೆಲಸ

ಕಡ್ಡಿಗಳನ್ನು ಕಟ್ಟಿನಿಂದ ಒಂದು ಗೇಣು ಕೆಳಗೆ ಬಿಟ್ಟು, ಉಳಿದದ್ದನ್ನು ಕತ್ತರಿಸಿ ಸಮ ಮಾಡಿ. ಹರಡಿದ ಕಡ್ಡಿಗಳನ್ನು ಒತ್ತಿ ಒಟ್ಟುಗೂಡಿಸಿ ಹಸಿರು ಟೇಪು ಬಿಗಿಯಾಗಿ ಸುತ್ತಿ. ಕತ್ತರಿಸಿದ ತಂತಿಯ ತುದಿ ಸೂಜಿಯಂತೆ ಚುಚ್ಚುತ್ತೆ, ಸೀರೆಯ ಜರಿಗೆ ಸಿಕ್ಕಿಕೊಂಡರೆ ಮುಗಿಯಿತು. ಆದ್ದರಿಂದ ತುದಿಗೆ ಒಂದಿಷ್ಟು ಹತ್ತಿ ಇಟ್ಟು ಅದರ ಮೇಲೆ ಟೇಪು ಬರಲಿ. ಟೇಪಿನ ಮೇಲೆ ಮೆತ್ತನೆಯ ರಿಬ್ಬನ್ನನ್ನು ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತು ಇನ್ನೊಂದರ ಅರ್ಧ ಮುಚ್ಚುವಂತೆ ಸುತ್ತಿ, ಕೊನೆಯಲ್ಲಿ ಒಳಮಡಚಿ ನಾಲ್ಕು ಹೊಲಿಗೆ ಹಾಕಿ. ಗುಂಡುಪಿನ್ನು ಚುಚ್ಚುವುದಾದರೆ ಮೊನೆ ಮೇಲ್ಮುಖವಾಗಿ, ಕಡ್ಡಿಗಳ ನಡುವೆ ಹೋಗಬೇಕು.

ಬಟ್ಟೆಯ ಹೂವಿಗೆ ಪರಿಮಳವಿಲ್ಲವಲ್ಲ ಎಂಬ ಕೊರಗಿದ್ದರೆ, ಹಿಡಿ ಸುತ್ತುವಾಗ ಒಳಗೆ ನಾಲ್ಕು ಎಳೆ ಲಾವಂಚ ಸೇರಿಸಿ. ದಳದ ಮೇಲೆ ಸೆಂಟು ಹಾಕಬೇಡಿ, ಕಲೆ ನಿಲ್ಲುತ್ತೆ.

ನಾನು ತಂದಿದ್ದ ಸ್ಯಾಟಿನ್ ರಿಬ್ಬನ್ ಜಾರುತ್ತಿತ್ತು. ಅಕ್ಕ ಎದ್ದು ತಮ್ಮ ಕಬ್ಬಿಣದ ಪೆಟ್ಟಿಗೆ ತೆಗೆದರು. ಕೆಳಗಿನಿಂದ ಅವರ ಧಾರೆ ಸೀರೆ ಬಂತು. 1971ರದು. ಮೈಯೆಲ್ಲ ಮಡಿಕೆಯಲ್ಲಿ ಸೀಳಿಹೋಗಿತ್ತು, ಹಸಿರು ಅಂಚಿನ ಸರಿಗೆ ಮಾತ್ರ ಹೊಸದರಂತಿತ್ತು. "ಬೇಡ ಅಕ್ಕ" ಎಂದೆ. "ಪೆಟ್ಟಿಗೇಲಿ ಇದ್ದು ಏನು ಮಾಡುತ್ತೆ? ಕೈಗೆ ಹಿತವಾಗಿರುತ್ತೆ, ಜಾರಲ್ಲ" ಎಂದು ಅಂಚನ್ನು ಬಿಡಿಸಿ ಹಿಡಿಗೆ ಸುತ್ತಿದರು. ಕೊನೆಯ ಹೊಲಿಗೆ ಹಾಕಿ ದಾರ ಕಡಿಯುವಾಗ, "ಯಾವ ಸೀರೇದು ಅಂತ ಯಾರಿಗೂ ಹೇಳಬೇಡ" ಎಂದರು.

ಆರತಕ್ಷತೆಯ ಸಂಜೆ

ಗುಚ್ಛ ನೋಡಿದವರೆಲ್ಲ ಮೆಚ್ಚಿದರು. ಯಜಮಾನರ ಕಡೆಯ ಹಿರಿಯರೊಬ್ಬರು ಕೈಗೆತ್ತಿಕೊಂಡು, "ಯಾವ ಅಂಗಡೀದಮ್ಮ?" ಎಂದು ಕೇಳಿದರು. ಅಕ್ಕ ಕಟ್ಟಿದ್ದು ಎಂದೆ. ಅವರ ಮುಖ ಬದಲಾಯಿತು. ಗುಚ್ಛವನ್ನು ಮೆಲ್ಲಗೆ ಮಂಚದ ಮೇಲೆ ಇಟ್ಟು, "ಹೊಸ ಮದುಮಗಳ ಕೈಗೆ ಅದನ್ನ ಯಾಕೆ ಕೊಡ್ತೀಯ? ಪೇಟೆಯಿಂದ ಒಂದು ತರಿಸಬಾರದಾಗಿತ್ತೇ?" ಎಂದರು.

ಅಕ್ಕ ಬಾಗಿಲಲ್ಲೇ ಇದ್ದರು. ಕೇಳಿಸಿರಬೇಕು. ಏನೂ ಹೇಳದೆ ಉಗ್ರಾಣದ ಕಡೆ ತಿರುಗಿದರು. ನಿಜ ಹೇಳುತ್ತೇನೆ, ನಾನು ಕೂಡಲೇ ಬಾಯಿ ಬಿಡಲಿಲ್ಲ. ಬೀಗರು ಬರುವ ಹೊತ್ತು, ಮಾತು ಬೆಳೆಯುವುದು ಬೇಡ ಎನಿಸಿತು. ಪೇಟೆಗೆ ಯಾರನ್ನಾದರೂ ಓಡಿಸಲೇ ಎಂಬ ಯೋಚನೆಯೂ ಬಂತು. ಅಡುಗೆಮನೆಯಲ್ಲಿ "ಏನಾಗುತ್ತಕ್ಕ" ಎಂದಿದ್ದವಳು ನಾನೇ.

ಜಡೆ ಹಾಕಿಸಿಕೊಳ್ಳುತ್ತ ಕುಳಿತಿದ್ದ ಮಗಳು ತಲೆ ತಿರುಗಿಸದೆಯೇ ಹೇಳಿದಳು: "ಅಜ್ಜಿ, ಅಕ್ಕನ ಮದುವೇಲಿ ಬೊಕೆ ಪೇಟೆಯಿಂದಾನೇ ಬಂದಿತ್ತು. ಫೋಟೋ ಹಿಡಿಯೋಕ್ಕೆ ಮೊದಲೇ ಬಾಡಿಹೋಯ್ತು. ಅದನ್ನ ಯಾರೂ ಅಪಶಕುನ ಅನ್ನಲಿಲ್ಲ." ಹಿರಿಯರು ಸುಮ್ಮನಾದರು. ಜಡೆ ಮುಗಿದದ್ದೇ ಅವಳು ಎದ್ದು ಉಗ್ರಾಣಕ್ಕೆ ಹೋದಳು. ಅಲ್ಲಿ ದೊಡ್ಡ ಮಾತೇನೂ ಆಡಲಿಲ್ಲ. "ಅತ್ತೆ, ಇದನ್ನ ಹೇಗೆ ಹಿಡೀಬೇಕೋ ನನಗೆ ಗೊತ್ತಿಲ್ಲ, ಮೇಲೆ ಬಂದು ತೋರಿಸಿ" ಎಂದು ಕೈ ಹಿಡಿದು ಕರೆತಂದಳು. ಆಗ ನನಗೂ ಬಾಯಿ ಬಂತು. "ಬನ್ನಿ ಅಕ್ಕ, ನೀವೇ ಕೊಡಿ" ಎಂದೆ.

ಆ ಸಂಜೆಯ ಫೋಟೋಗಳಲ್ಲಿ ಒಂದರಲ್ಲಿ ಅಕ್ಕ ವೇದಿಕೆಯ ಮೇಲೆ ಬಗ್ಗಿ, ಮಗಳ ಮೊಣಕೈಯನ್ನು ಸೊಂಟದ ಮಟ್ಟಕ್ಕೆ ಇಳಿಸುತ್ತಿದ್ದಾರೆ. ಗುಚ್ಛವನ್ನು ಹಿಡಿಯುವ ಸರಿಯಾದ ಕ್ರಮವೂ ಅದೇ: ಹೊಕ್ಕುಳಿನ ನೇರಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿಸಿ. ಎದೆಯ ಮಟ್ಟಕ್ಕೆ ಎತ್ತಿದರೆ ಒಡವೆ ಮುಚ್ಚಿಹೋಗುತ್ತೆ.

ಹೂದಾನಿಗೆ ಜೋಡಿಸುವುದಾದರೆ

ಮದುವೆ ಮುಗಿದ ಮೇಲೆ ಅದೇ ಹೂವನ್ನು ಬಿಚ್ಚಿ ಹೂದಾನಿಗೆ ಹಾಕಬಹುದು. ಇಲ್ಲಿ ನೆನಪಿಡಬೇಕಾದ ಅಳತೆ ಒಂದೇ: ಹೂವಿನ ಎತ್ತರ ಹೂದಾನಿಯ ಎತ್ತರದ ಒಂದೂವರೆಪಟ್ಟು. ಒಂದು ಅಡಿಯ ಹೂದಾನಿಯಾದರೆ ಬಾಯಿಂದ ಮೇಲಕ್ಕೆ ಒಂದೂವರೆ ಅಡಿ.

ಹೂವು ಕಡಿಮೆ ಇದ್ದರೆ ಜಪಾನಿನ ಇಕೆಬಾನ ಪದ್ಧತಿ ಅನುಸರಿಸಿ. ಅದರಲ್ಲಿ ಮೂರು ಮುಖ್ಯ ಕಡ್ಡಿಗಳು. ಎತ್ತರದ್ದು ಸ್ವರ್ಗ, ನಡುವಿನದು ಮನುಷ್ಯ, ಗಿಡ್ಡದ್ದು ಭೂಮಿ ಎಂದು ಹೇಳುವುದುಂಟು. ಎರಡನೆಯದು ಮೊದಲನೆಯದರ ಮುಕ್ಕಾಲು ಭಾಗ, ಮೂರನೆಯದು ಎರಡನೆಯದರ ಮುಕ್ಕಾಲು ಅಥವಾ ಅರ್ಧ. ಮೂರೂ ಮೂರು ದಿಕ್ಕಿಗೆ ಬಾಗಿರಲಿ. ಮೂರೇ ಹೂವಿನಲ್ಲಿ ಹಾಲು ತುಂಬಿದಂತಾಗುತ್ತೆ. ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಇಕೆಬಾನ, ಒಣಹೂವಿನ ಜೋಡಣೆಯ ಸ್ಪರ್ಧೆಗಳೂ ನಡೆಯುತ್ತವೆ. ಆ ಕಡೆ ಹೋದಾಗ ನೋಡಿ ಬನ್ನಿ.

ಕಡ್ಡಿ ನಿಲ್ಲಿಸಲು ಹಿಂದೆ ನಾವೆಲ್ಲ ಥರ್ಮೊಕೋಲ್ ತುಂಡು ಹಾಕುತ್ತಿದ್ದೆವು. ಅಲಂಕಾರದ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಅದಿಲ್ಲದಿದ್ದರೆ ನಷ್ಟವೇನಿಲ್ಲ. ಹೂದಾನಿಯ ತಳಕ್ಕೆ ಎರಡು ಹಿಡಿ ಮರಳು ಅಥವಾ ಬೆಣಚುಕಲ್ಲು ಹಾಕಿ, ಮೇಲೆ ತೆಂಗಿನ ನಾರನ್ನು ಗಟ್ಟಿಯಾಗಿ ತುರುಕಿ. ಮರಳಿನ ಭಾರಕ್ಕೆ ಹೂದಾನಿ ಮಗುಚದು, ನಾರಿಗೆ ಕಡ್ಡಿ ಕಚ್ಚಿ ನಿಲ್ಲುತ್ತೆ. ತಿಪಟೂರಿನವರಾದ ನಮಗೆ ನಾರು ಬೇಕೆಂದರೆ ಹಿತ್ತಿಲಿಗೆ ಹೋದರೆ ಸಾಕು.

ಇನ್ನೊಂದು ಅನುಕೂಲ ಹೇಳಬೇಕು. ಇದಕ್ಕೆ ನೀರು ಬೇಡ. ಡೆಂಗಿ ಹರಡುವ ಸೊಳ್ಳೆ ಮನೆಯೊಳಗಿನ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತೆ, ಹೂದಾನಿಯ ನೀರೂ ಅದಕ್ಕೆ ಸಾಕು. ನಿಜವಾದ ಹೂವನ್ನು ನೀರಿನಲ್ಲಿಡುವವರು ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ಒಳಗೆ ಚೆನ್ನಾಗಿ ತಿಕ್ಕಿ ತೊಳೆಯಬೇಕು.

ಜೋಪಾನ ಮಾಡುವ ಬಗೆ

ಬಾಡದ ಹೂವಿಗೂ ಒಂದು ಶತ್ರುವಿದೆ, ಅದು ಧೂಳು. ಹಾಲಿನಲ್ಲಿ ಧೂಳು ಹಿಡಿದ ಹೂವನ್ನಿಡುವುದಕ್ಕಿಂತ ಇಡದಿರುವುದೇ ಮೇಲು. ಮನೆಯಲ್ಲಿ ಉಬ್ಬಸದವರಿದ್ದರೆ ಇನ್ನೂ ಎಚ್ಚರ ಬೇಕು. ಹದಿನೈದು ದಿನಕ್ಕೊಮ್ಮೆ ಮೆತ್ತನೆಯ ಬಣ್ಣದ ಕುಂಚದಿಂದ, ಮನೆಯ ಹೊರಗೆ ನಿಂತು, ದಳದ ಬುಡದಿಂದ ಅಂಚಿಗೆ ಕೊಡವಿ.

ಜಿಡ್ಡು ಹಿಡಿದಿದ್ದರೆ ಬಟ್ಟೆಯ ಹೂವಿಗೆ ಉಪ್ಪಿನ ಸ್ನಾನ ಮಾಡಿಸಿ. ದೊಡ್ಡ ಕಾಗದದ ಚೀಲಕ್ಕೆ ಒಂದು ಹಿಡಿ ಪುಡಿ ಉಪ್ಪು ಹಾಕಿ, ಹೂವನ್ನು ತಲೆ ಕೆಳಗಾಗಿ ಬಿಟ್ಟು, ಬಾಯಿ ಮುಚ್ಚಿ ಎರಡು ನಿಮಿಷ ಕುಲುಕಿ. ಧೂಳು ಉಪ್ಪಿಗೆ ಅಂಟಿಕೊಂಡು ಬರುತ್ತೆ. ಆಮೇಲೆ ಉಪ್ಪನ್ನು ಚೆನ್ನಾಗಿ ಕೊಡವಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ಎಳೆದು ತಂತಿ ತುಕ್ಕು ಹಿಡಿಯುತ್ತೆ. ಪ್ಲಾಸ್ಟಿಕ್ ಹೂವನ್ನಾದರೆ ಉಗುರುಬೆಚ್ಚನೆಯ ನೀರಿಗೆ ಅಂಟುವಾಳದ ನೊರೆ ಸೇರಿಸಿ ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಿ. ಬಟ್ಟೆಯ ಹೂವನ್ನು ನೀರಿಗೆ ಅದ್ದಬೇಡಿ. ಬಣ್ಣ ಬಿಡಬಹುದು, ಅಂಟೂ ಬಿಡಬಹುದು.

ಕಿಟಕಿಯ ನೇರ ಬಿಸಿಲಿಗೆ ಇಟ್ಟರೆ ಬಣ್ಣ ಮಾಸುತ್ತೆ. ದೇವರ ದೀಪ, ಊದುಬತ್ತಿ, ಮೇಣದಬತ್ತಿಯ ಹತ್ತಿರವಂತೂ ಖಂಡಿತ ಬೇಡ. ಪಾಲಿಯೆಸ್ಟರ್ ಬೆಂಕಿ ತಗುಲಿದರೆ ಕರಗಿ ತೊಟ್ಟಿಕ್ಕುತ್ತೆ, ಚರ್ಮಕ್ಕೆ ಅಂಟಿದರೆ ಆಳವಾಗಿ ಸುಡುತ್ತೆ.

ಇನ್ನು ಬೇಸರವಾಯಿತೆಂದು ಎಸೆಯಬೇಡಿ. ಮಣ್ಣಿಗೆ ಬಿದ್ದರೆ ಇದು ಕೊಳೆಯುವ ವಸ್ತುವಲ್ಲ, ಹಸು ತಿಂದರೂ ಕಷ್ಟ. ಬಿಚ್ಚಿ, ಕಾಗದದಲ್ಲಿ ಸುತ್ತಿಟ್ಟು, ಮುಂದಿನ ಹಬ್ಬಕ್ಕೆ ಬೇರೆ ಬಣ್ಣದೊಂದಿಗೆ ಸೇರಿಸಿ ಕಟ್ಟಿ. ಬೇಕಾದವರಿಗೆ ಎರವಲು ಕೊಡಿ.

ನಮ್ಮ ಮಗಳ ಗುಚ್ಛವೂ ಹಾಗೇ ಮೂರು ಮದುವೆಗೆ ಹೋಗಿ ಬಂದಿದೆ. ಪ್ರತಿ ಸಲ ಅಕ್ಕ ಹೂವನ್ನು ಬಿಚ್ಚಿ, ಆವಿ ತೋರಿಸಿ, ಆ ಮದುಮಗಳ ಸೀರೆಯ ಬಣ್ಣ ಕೇಳಿ ಹೊಸದಾಗಿ ಕಟ್ಟಿದರು. ಹಿಡಿಯ ಅಂಚು ಮಾತ್ರ ಅದೇ. ಮೂರನೆಯ ಸಲ ಕೇಳಲು ಬಂದದ್ದು, ಅಂದು ಆಕ್ಷೇಪಿಸಿದ ಹಿರಿಯರ ಮನೆಯವರೇ, ಮೊಮ್ಮಗಳ ಆರತಕ್ಷತೆಗೆ. "ಅವಳ ಕೈಲೇ ಕಟ್ಟಿಸಿ ಕೊಡು" ಎಂದು ಹೇಳಿ ಕಳಿಸಿದ್ದರು. ಅಕ್ಕ ನನ್ನ ಮುಖ ನೋಡಿ ಸ್ವಲ್ಪ ನಕ್ಕರು. ಆಮೇಲೆ, "ಸೀರೆ ಯಾವ ಬಣ್ಣವಂತೆ ಕೇಳೇ" ಎಂದರು.

ಒಂದು ಮಧ್ಯಾಹ್ನದ ಬಿಡುವು ಸಾಕು ಸಹೋದರಿಯರೇ, ನೀವೂ ಕಟ್ಟಿ ನೋಡಿ. ಕಟ್ಟಲು ಕೂರುವ ಮುಂಚೆ ಮನೆಯಲ್ಲಿ ಒಮ್ಮೆ ಸುತ್ತ ನೋಡಿ. ಚೆನ್ನಾಗಿ ಬಲ್ಲ ಕೈಯೊಂದು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರೆ, ಮೊದಲ ಹೂವನ್ನು ಆ ಕೈಗೆ ಕೊಡಿ.